ಇರುವೆ ಬಾರದಿದ್ದರೆ ಪಿಯೋನಿ ಹೂ ಅರಳುವುದಿಲ್ಲವೇ?

"ಪಿಯೋನಿ ಮೊಗ್ಗಿನ ಮೇಲಿನ ಅಂಟನ್ನು ಇರುವೆಗಳು ನೆಕ್ಕಿ ತೆಗೆದರೆ ಮಾತ್ರ ಹೂ ಅರಳುತ್ತದೆ" ಎಂಬ ನಂಬಿಕೆ ಅಮೆರಿಕ, ಯುರೋಪಿನ ತೋಟಗಳಲ್ಲಿ ಬಹಳ ಹಳೆಯದು. ಇದು ನಿಜವೇ? ಅಲ್ಲ.

ಸುಲಭದ ಪುರಾವೆ ಹೂವಿನ ಅಂಗಡಿಯಲ್ಲೇ ಇದೆ. ಅಲ್ಲಿ ಪಿಯೋನಿಯನ್ನು ಮೊಗ್ಗಾಗಿಯೇ ಮಾರುತ್ತಾರೆ. ಮನೆಗೆ ತಂದು ನೀರಿನಲ್ಲಿಟ್ಟರೆ ಒಂದೂ ಇರುವೆ ಇಲ್ಲದೆ ಅವು ಅರಳುತ್ತವೆ.

ಹಾಗಾದರೆ ಇರುವೆ ಬರುವುದೇಕೆ? ಮೊಗ್ಗನ್ನು ಸುತ್ತಿರುವ ಹಸಿರು ಪುಷ್ಪಪತ್ರಗಳ ಅಂಚಿನಲ್ಲಿ ಸಿಹಿ ರಸ ಜಿನುಗುತ್ತದೆ. ಅದನ್ನು ಕುಡಿಯಲು ಬರುವ ಇರುವೆಗಳು ಮೊಗ್ಗು ತಿನ್ನುವ ಬೇರೆ ಕೀಟಗಳನ್ನು ಓಡಿಸುತ್ತವೆ. ಗಿಡಕ್ಕೆ ಅವುಗಳಿಂದ ತೊಂದರೆಯಿಲ್ಲ, ಆದ್ದರಿಂದ ಔಷಧಿ ಸಿಂಪಡಿಸಬೇಕಿಲ್ಲ. ಹೂ ಕೊಯ್ದ ಮೇಲೆ ಮೆಲ್ಲಗೆ ಕೊಡವಿದರೆ ಸಾಕು.

ಈ ನಂಬಿಕೆಯಿಂದ ಆಗುವ ನಷ್ಟವೇ ಬೇರೆ. ಮೊಗ್ಗು ಅರಳದಿದ್ದಾಗ ಇರುವೆಗಾಗಿ ಕಾಯುತ್ತಾ ಕೂತರೆ ನಿಜವಾದ ಕಾರಣ ತಪ್ಪಿಹೋಗುತ್ತದೆ. ಗೆಡ್ಡೆಯ ಕಣ್ಣುಗಳನ್ನು 5 ಸೆಂಟಿಮೀಟರ್‌ಗಿಂತ ಆಳಕ್ಕೆ ಹೂತಿದ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೆರಳು ಹೆಚ್ಚಾದರೂ ಹಾಗೆಯೇ. ಮೊಗ್ಗು ಕಪ್ಪಾಗಿ ಒಣಗಿದರೆ ಬೂಷ್ಟು ರೋಗ ಅಥವಾ ತಡವಾಗಿ ಬಿದ್ದ ಹಿಮ ಕಾರಣವಿರಬಹುದು.

ನಮ್ಮ ಏಳು ಸುತ್ತಿನ ಮಲ್ಲಿಗೆಯಂತೆ ಪಿಯೋನಿಯಲ್ಲೂ ಸುತ್ತು ಸುತ್ತಾಗಿ ದಳ ತುಂಬಿದ ತಳಿಗಳಿವೆ. ಇವುಗಳಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ. ಫ್ರಾನ್ಸ್‌ನಲ್ಲಿ 1906ರಲ್ಲಿ ಬಂದ ಗುಲಾಬಿ ಬಣ್ಣದ 'ಸಾರಾ ಬರ್ನ್‌ಹಾರ್ಟ್' ಇಂದಿಗೂ ಜನಪ್ರಿಯ. ದಳ ಹೆಚ್ಚಿರುವುದರಿಂದ ಇಂಥ ಹೂ ಮಳೆಗೆ ನೆನೆದು ಭಾರವಾಗಿ ನೆಲಕ್ಕೆ ಬಾಗುತ್ತದೆ. ಗಿಡ ಚಿಕ್ಕದಿರುವಾಗಲೇ ಸುತ್ತ ಆಸರೆ ಕಟ್ಟಬೇಕು. ಬೇಗ ಸೆಖೆ ಶುರುವಾದರೆ ತಡವಾಗಿ ಹೂಬಿಡುವ ಸುತ್ತುಹೂಗಳು ಮೊಗ್ಗಿನಲ್ಲೇ ನಿಂತುಬಿಡುವುದೂ ಉಂಟು.

ಕರ್ನಾಟಕದಲ್ಲಿ ಬೆಳೆಯಬಹುದೇ? ಆನ್‌ಲೈನ್‌ನಲ್ಲಿ ಗೆಡ್ಡೆ ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ. ಪಿಯೋನಿ ಹೂಬಿಡಲು ಚಳಿಗಾಲದಲ್ಲಿ ಹಲವು ವಾರ 0ರಿಂದ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಬೇಕು. ಬೆಂಗಳೂರಿನ ಜನವರಿ ರಾತ್ರಿಗಳಲ್ಲೂ ಸಾಮಾನ್ಯವಾಗಿ 15 ಡಿಗ್ರಿಯಷ್ಟು ಇರುತ್ತದೆ. ಇಲ್ಲಿ ಇರುವೆಗೆ ಕೊರತೆಯಿಲ್ಲ, ಕೊರತೆ ಇರುವುದು ಚಳಿಗೆ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನಲ್ಲಿ ಬಿಳಿ ಬಣ್ಣದ ಕಾಡು ಪಿಯೋನಿ ಬೆಳೆಯುತ್ತದೆ.

ಚಳಿಯ ದೇಶಗಳಲ್ಲಿರುವ ನಿಮ್ಮ ಬಂಧುಗಳ ಅಂಗಳದಲ್ಲಿ ಪಿಯೋನಿ ಇದ್ದರೆ ಅವರಿಗೆ ಇದನ್ನು ಕಳಿಸಿ: ಇರುವೆಯನ್ನು ಕೊಲ್ಲಲೂ ಬೇಡಿ, ಕಾಯಲೂ ಬೇಡಿ. ಗೆಡ್ಡೆ ಎಷ್ಟು ಆಳದಲ್ಲಿದೆ, ಗಿಡಕ್ಕೆ ಬಿಸಿಲು ಎಷ್ಟು ಬೀಳುತ್ತಿದೆ ಎಂದು ಮೊದಲು ನೋಡಿ.