ತಿರುಗಬೇಕು, ಆಡಬಾರದು
ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರೇಲರ್. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆ ಹೊರಟ ನಾಲ್ಕು ಗಾಲಿಯ ಟ್ರೇಲರ್‌ನ ಮುಂದಿನ ಅಚ್ಚಿನ ಮೇಲ್ಗಡೆ ಬಗ್ಗಿ ನೋಡಿ. ಎರಡು ಉಕ್ಕಿನ ಬಳೆ, ನಡುವೆ ಸಾಲಾಗಿ ಗುಂಡು. ಟನ್‌ಗಟ್ಟಲೆ ಕಬ್ಬು ಹೊತ್ತ ಗಾಡಿ ಮೂಲೆ ತಿರುಗುವುದು ಇದರಿಂದ. ಇದಕ್ಕೆ ಟರ್ನ್‌ಟೇಬಲ್ ಎನ್ನುತ್ತಾರೆ.

ಇದೇ ಹೆಸರಿನ ಚಿಕ್ಕ ಸಾಧನ ವರ್ಕ್‌ಶಾಪಿನ ಮೇಜಿನ ಮೇಲೂ ಬೇಕು. ಫ್ಲ್ಯಾಂಜ್‌ಗೆ ಸಮ ಅಂತರದಲ್ಲಿ ತೂತು ಗುರುತಿಸಲು, ಪೈಪಿನ ಸುತ್ತ ವೆಲ್ಡಿಂಗ್ ಎಳೆಯಲು, ತಿರುಗಿಸಿದ ಭಾಗ ದುಂಡಗಿದೆಯೇ ಎಂದು ಡಯಲ್ ಹಚ್ಚಿ ನೋಡಲು. ಟ್ರೇಲರ್‌ನದು ಒಂದೆರಡು ಮಿಲಿಮೀಟರ್ ಆಡಿದರೂ ಕಬ್ಬು ಕಾರ್ಖಾನೆ ಮುಟ್ಟುತ್ತದೆ. ಮೇಜಿನದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ.

ಇದನ್ನು ಸ್ವಂತ ಮಾಡಹೊರಟವರ ಕೈ ಮೊದಲು ಹೋಗುವುದು 51105ರಂಥ ಥ್ರಸ್ಟ್ ಬೇರಿಂಗ್ ಕಡೆಗೆ. ಮೇಲಿನ ಭಾರವನ್ನು ಅದು ಚೆನ್ನಾಗಿ ಹೊರುತ್ತದೆ, ಆದರೆ ಪಕ್ಕದ ಒತ್ತಡ ತಡೆಯದು, ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಒಂಟಿ 6205 ಬಾಲ್ ಬೇರಿಂಗ್ ಕೂರಿಸಿದರೆ ಮೇಲೆ ತಿರುಗುವ ಪ್ಲೇಟು ವಾಲಾಡುತ್ತದೆ. ಅದರಲ್ಲೂ ಸಿ3 ಗುರುತಿನದಕ್ಕೆ ಒಳಗೇ 13ರಿಂದ 28 ಮೈಕ್ರಾನ್ ಸಡಿಲು ಇರುತ್ತದೆ. ಬಿಸಿಯಾಗುವ ಮೋಟಾರಿಗೆ ಅದು ಬೇಕು; ಕೈಯಲ್ಲಿ ನಿಧಾನ ತಿರುಗಿಸುವ ಮೇಜಿಗೆ ಬೇಡವೇ ಬೇಡ.

ಸರಿಯಾದದ್ದು ಟ್ರೇಲರ್ ಗಾಲಿಯ ಹಬ್‌ನಲ್ಲೇ ಇದೆ: ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಟೇಪರ್ ರೋಲರ್ ಬೇರಿಂಗ್. ಅಮೆರಿಕದ ಸಾರೋಟು ತಯಾರಕ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಗಾಡಿಗಾಗಿಯೇ. ತಿರುವಿನಲ್ಲಿ ಗಾಲಿಯ ಮೇಲೆ ಬೀಳುವ ಅಡ್ಡ ಒತ್ತಡ ಅವನನ್ನು ಕಾಡಿತ್ತು. ಮೇಲಿನ ಭಾರ, ಅಡ್ಡ ಒತ್ತಡ ಎರಡನ್ನೂ ಇದು ಹೊರುತ್ತದೆ. ನಟ್ ಬಿಗಿ ಮಾಡುತ್ತ ಆಟವನ್ನು ಪೂರ್ತಿ ತೆಗೆಯಬಹುದು. 25 ಮಿ.ಮೀ. ಶಾಫ್ಟಿಗೆ 30205 ಜೋಡಿ ಸಾಕು.

ಎರಡರ ನಡುವೆ ಅಂತರ ಧಾರಾಳವಾಗಿರಲಿ. 50 ಮಿ.ಮೀ. ಅಂತರದಲ್ಲಿ ಶಾಫ್ಟಿಗೆ 0.02 ಮಿ.ಮೀ. ಆಟ ಉಳಿದರೆ, ನಡುವಿನಿಂದ 150 ಮಿ.ಮೀ. ದೂರದ ಪ್ಲೇಟಿನ ಅಂಚು 0.06 ಏರಿಳಿಯುತ್ತದೆ. ಅಂತರ ನೂರಾದರೆ ಅದು ಅರ್ಧಕ್ಕಿಳಿಯುತ್ತದೆ.

ಹೆಚ್ಚು ನಿಖರವಾದ, ದುಬಾರಿ ಪಿ5 ದರ್ಜೆಯ ಬೇರಿಂಗ್ ತಂದು ಸೊಟ್ಟ ಹೌಸಿಂಗಿಗೆ ಬಡಿದು ಕೂರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ಹಣವನ್ನು ಒಳ್ಳೆಯ ಲೇತ್ ಕೆಲಸಗಾರರಿಗೆ ಕೊಡಿ. ಹೌಸಿಂಗನ್ನು ಚಕ್‌ನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಆರಪಾರ ಬೋರ್ ಮಾಡಿಸಿ, ಎರಡು ಕಪ್‌ಗಳ (ಹೊರ ಬಳೆಗಳ) ನಡುವೆ ಸ್ಪೇಸರ್ ಕೊಟ್ಟರೆ ಎರಡೂ ಒಂದೇ ಗೆರೆಯಲ್ಲಿ ಕೂರುತ್ತವೆ. ಜೋಡಣೆ ಮುಗಿದ ಮೇಲೆ ಪ್ಲೇಟನ್ನು ಅದರದೇ ಬೇರಿಂಗ್ ಮೇಲೆ ತಿರುಗಿಸುತ್ತ ಕೊನೆಯ ಕಟ್ ಕೊಡಿಸಿದರೆ ಉಳಿದ ಸೊಟ್ಟೂ ಹೋಗುತ್ತದೆ. ಈ ಒಂದು ಕಟ್ ಮಾಡುವ ಉಪಕಾರವನ್ನು ಯಾವ ದರ್ಜೆಯ ಬೇರಿಂಗೂ ಮಾಡದು.

ಹಳೆ ಹಬ್‌ನ ಬೇರಿಂಗ್ ಬಳಸುವುದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಕೋನನ್ನು (ರೋಲರ್ ಇರುವ ಒಳ ಬಳೆಯನ್ನು) ಕಪ್‌ಗೆ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿ. ಬೆರಳಿಗೆ ಸಣ್ಣ ತಡೆ ಸಿಕ್ಕರೂ ಅದು ಗುಜರಿಗೆ. ನಟ್ ಬಿಗಿಯುವಾಗ ಪ್ಲೇಟನ್ನು ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ರೋಲರ್‌ಗಳು ತಮ್ಮ ಜಾಗಕ್ಕೆ ಕೂರುವುದಿಲ್ಲ. ಅಂಚನ್ನು ಒತ್ತಿದಾಗ ಡಯಲ್ ಮುಳ್ಳು ಕದಲಬಾರದು, ತಿರುಗುವಾಗ ಕೈಗೆ ಹಿಡಿತವೂ ಸಿಗಬಾರದು.

ವೆಲ್ಡಿಂಗ್‌ಗೆ ಬಳಸುವವರು ಅರ್ಥ್ ಕ್ಲ್ಯಾಂಪನ್ನು ಮೇಜಿನ ಕಾಲಿಗೆ ಕಚ್ಚಿಸಬೇಡಿ. ಕರೆಂಟು ರೋಲರ್‌ಗಳ ಮೂಲಕ ಹಾದು ಕಿಡಿ ಹಾರಿ, ನುಣುಪಾದ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಕ್ಲ್ಯಾಂಪ್ ಪ್ಲೇಟಿಗೇ ಇರಲಿ. ಸತತ ತಿರುಗುವಂತಿದ್ದರೆ ಪ್ಲೇಟಿಗೆ ಉಜ್ಜುವ ತಾಮ್ರದ ಬ್ರಷ್ ಕೊಡಿ.