ಚಿತ್ರ ಬಿಡಿಸುವ ‘ಆಮೆ’: ರೋಬೋಟಿಗೆ ಮಕ್ಕಳೇ ಗುರು

ರೋಬೋಟ್ ಎಂದೊಡನೆ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಯಂತ್ರ ಹಲವರಿಗೆ ನೆನಪಾಗುತ್ತದೆ. ಆದರೆ ಮಕ್ಕಳ ಕಲಿಕೆಗೆಂದೇ ತಯಾರಾದ ಆರಂಭದ ರೋಬೋಟ್‌ಗಳು ಮಾಡಿದ್ದು ಚಿತ್ರ ಬಿಡಿಸುವ ಕೆಲಸ. ಅವುಗಳ ಹೆಸರು ‘ಆಮೆ’.

1967ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಗಣಿತಜ್ಞ ಸೆಮೋರ್ ಪೇಪರ್ಟ್ ಹಾಗೂ ಸಂಗಡಿಗರು ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. 1970ರ ಆಸುಪಾಸಿನಲ್ಲಿ ಅಲ್ಲಿನ ಎಂಐಟಿ ಸಂಸ್ಥೆಯಲ್ಲಿ ಈ ಭಾಷೆಯ ಆದೇಶ ಪಾಲಿಸುವ, ಚಕ್ರಗಳ ಮೇಲೆ ಚಲಿಸುವ ಆಮೆ ಸಿದ್ಧವಾಯಿತು. ಅದರ ಹೊಟ್ಟೆಯಡಿ ಪೆನ್ನು. ನೆಲಕ್ಕೆ ಹಾಸಿದ ಕಾಗದದ ಮೇಲೆ ಅದು ಸಾಗಿದ ದಾರಿಯೇ ಚಿತ್ರ.

ಆದೇಶಗಳು ಸರಳ. ಮುಂದೆ 20, ಬಲಕ್ಕೆ 90 ಡಿಗ್ರಿ; ಇದನ್ನೇ 4 ಸಲ ಮಾಡಿದರೆ ಚೌಕ. ಇದಕ್ಕೆ ‘ಚೌಕ’ ಎಂದು ಮಗುವೇ ಹೆಸರಿಟ್ಟು ಹೊಸ ಆದೇಶವಾಗಿ ಕಲಿಸಬಹುದು. ಪ್ರತಿ ಚೌಕದ ನಂತರ 10 ಡಿಗ್ರಿ ತಿರುಗುತ್ತಾ 36 ಚೌಕ ಬರೆಸಿದರೆ ಅಂಗಳದ ರಂಗೋಲಿಯಂಥ ಹೂವು ಅರಳುತ್ತದೆ.

ತಪ್ಪೂ ಆಗುತ್ತದೆ. ಸಮಬಾಹು ತ್ರಿಕೋನದ ಒಳಕೋನ 60 ಡಿಗ್ರಿ ಎಂದು ಪಾಠದಲ್ಲಿ ಓದಿದ ಮಗು ಆಮೆಗೂ 60 ತಿರುಗಲು ಹೇಳುತ್ತದೆ. ಆಗ ತ್ರಿಕೋನ ಮುಚ್ಚುವುದಿಲ್ಲ, ಅರ್ಧ ಷಟ್ಕೋನ ಮೂಡುತ್ತದೆ. ಮಗು ತಾನೇ ಆ ದಾರಿಯಲ್ಲಿ ನಡೆದು ನೋಡಿದರೆ ಕಾರಣ ಸಿಗುತ್ತದೆ. ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120 ಡಿಗ್ರಿ. ಒಂದು ಸುತ್ತು ಮುಗಿಸಿ ಹೊರಟ ದಿಕ್ಕಿಗೇ ಮುಖ ಮಾಡಲು ಒಟ್ಟು 360 ಡಿಗ್ರಿ ತಿರುಗಬೇಕು.

ಯಂತ್ರ ಕಟ್ಟುವುದರಲ್ಲೂ ಪಾಠವಿದೆ. ಪೆನ್ನು ಎರಡು ಚಕ್ರಗಳ ನಟ್ಟನಡುವೆ ಇರಬೇಕು. ಸ್ವಲ್ಪ ಸರಿದರೂ ತಿರುಗುವಾಗ ಮೂಲೆಯ ಬದಲು ಕಮಾನು ಬೀಳುತ್ತದೆ. ಚಕ್ರದ ವ್ಯಾಸ 6 ಸೆಂ.ಮೀ. ಆದರೆ ಒಂದು ಸುತ್ತಿಗೆ ಸುಮಾರು 18.8 ಸೆಂ.ಮೀ. ಸಾಗುತ್ತದೆ. ನುಣುಪು ನೆಲದಲ್ಲಿ ಚಕ್ರ ಜಾರಿದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಇಂಥ ಕಲಿಕೆ ಈಗ ಗಡಿಯ ಕನ್ನಡ ಶಾಲೆಗಳಿಗೂ ದೂರದ್ದಲ್ಲ. ಕೇರಳದಲ್ಲಿ 2025ರಿಂದ ಹತ್ತನೇ ತರಗತಿಯ ಐಸಿಟಿ ಪಠ್ಯದಲ್ಲಿ ರೋಬೋಟಿಕ್ಸ್ ಸೇರಿದ್ದು, ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಇದೆ. ಶಾಲೆಗಳಿಗೆ ನೀಡಿದ ಕಿಟ್‌ನಲ್ಲಿ ಆರ್ಡುಯಿನೊ ಬೋರ್ಡ್, ಸೆನ್ಸರ್‌ಗಳು ಹಾಗೂ ಪುಟ್ಟ ಸರ್ವೋ ಮೋಟಾರು ಇವೆ. ಪೆನ್ನು ಎತ್ತಿ ಇಳಿಸಲು ಈ ಮೋಟಾರು ಸಾಕು. ಚಕ್ರ ಉರುಳಿಸಲು ಬೇರೆ ಮೋಟಾರು ಬೇಕು.

ಚಿತ್ರ ಬಿಡಿಸಲು ಯಂತ್ರವೇಕೆ, ಕೈಯಿಲ್ಲವೇ ಎಂದು ಹಿರಿಯರು ಕೇಳಬಹುದು. ಕೈ ತಾನಾಗಿಯೇ ಮಾಡುವ ಕೆಲಸವನ್ನು ಯಂತ್ರಕ್ಕೆ ಹೇಳಬೇಕಾದರೆ ಒಂದೊಂದು ಹೆಜ್ಜೆಯನ್ನೂ ಯೋಚಿಸಬೇಕು. ಕಂಪ್ಯೂಟರ್ ಮಗುವನ್ನು ನಡೆಸಬಾರದು, ಮಗುವೇ ಕಂಪ್ಯೂಟರನ್ನು ನಡೆಸಬೇಕು ಎಂಬುದು 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಪೇಪರ್ಟ್ ಮಂಡಿಸಿದ ವಾದ. ಕೇಳಿದ್ದಕ್ಕೆಲ್ಲ ಕಂಪ್ಯೂಟರೇ ಚಿತ್ರ ಬರೆದುಕೊಡುವ ಇಂದಿನ ದಿನಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಆಮೆ ತಾನಾಗಿ ಏನನ್ನೂ ಬರೆಯುವುದಿಲ್ಲ. ಕಾಗದದ ಮೇಲಿನ ಸೊಟ್ಟ ಗೆರೆ ಮಗುವಿನದೇ, ಅದನ್ನು ತಿದ್ದುವ ದಾರಿಯೂ ಮಗುವಿನದೇ.