ಮೆಸ್ ಮಂಜಣ್ಣನ್ನ ಸಿನಿಮಾ ಮಾಡೋದು ಬೇಡ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವಾರ ನಮ್ಮ ಸಂಘದ ಮೀಟಿಂಗಲ್ಲಿ ಒಂದು ಐಡಿಯಾ ಬಂತು. ನಮ್ಮ ‘ಮೆಸ್ ಮಂಜಣ್ಣ’ ಸ್ಕಿಟ್ಟನ್ನ ಒಂದೂವರೆ ಗಂಟೆ ಸಿನಿಮಾ ಮಾಡಿ ಯೂಟ್ಯೂಬಿಗೆ ಹಾಕೋಣ ಅಂತ. ಎಲ್ಲರೂ ಕೈ ಎತ್ತಿದರು, ನಾನೊಬ್ಬ ಎತ್ತಲಿಲ್ಲ. “ಯಾಕಲೇ?” ಅಂತ ಕೇಳಿದಾಗ ಸರಿಯಾಗಿ ಹೇಳೋಕೂ ಬರಲಿಲ್ಲ. ಶನಿವಾರ ವೋಟಿಂಗ್ ಇದೆ. ಅಷ್ಟರೊಳಗೆ ನನ್ನ ಕಾರಣವನ್ನ ಇಲ್ಲಿ ಬರೆದಿಡ್ತೀನಿ.

ಫಸ್ಟ್ ಇಯರ್‌ನವರಿಗೆ ಗೊತ್ತಿಲ್ಲದೆ ಇರಬಹುದು. ಮೆಸ್ ಮಂಜಣ್ಣ ಅಂದರೆ ಹೋದ ವರ್ಷ ನಾವು ತಿಂಗಳಿಗೊಂದು ಮಾಡ್ತಿದ್ದ ಹತ್ತು ನಿಮಿಷದ ಸ್ಕಿಟ್. ಅದರಲ್ಲಿ ನಾಲ್ಕು ಜನ ಹಾಸ್ಟೆಲ್ ಹುಡುಗರು. ದುರ್ಗದವನು ಯಾವ ಮಾತು ತೆಗೆದರೂ ಕೋಟೆಗೆ ತಂದು ನಿಲ್ಲಿಸ್ತಾನೆ. ಹಿರಿಯೂರಿನವನು 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿದ್ದನ್ನ ತಾನೇ ಬೀಳಿಸಿದ ಹಾಗೆ ಹೇಳ್ತಾನೆ. ಹೊಳಲ್ಕೆರೆಯವನಿಗೆ ಅಡಿಕೆ ರೇಟು ಬಿಟ್ಟರೆ ಬೇರೆ ಲೋಕ ಇಲ್ಲ. ಹೊಸದುರ್ಗದವನು, ಅಂದರೆ ನಾನು, ಫ್ಯಾನ್ ಹಾಕಿದರೂ ಸಾಕು, ನಮ್ಮೂರ ಗುಡ್ಡದ ಗಾಳಿಯಂತ್ರದ ಕತೆ ಶುರು. ನಾಲ್ವರೂ ಸೇರಿ ಮೆನು ಬದಲಾಯಿಸಿ ಅಂತ ಮಂಜಣ್ಣನ ಹತ್ತಿರ ಹೋಗ್ತಾರೆ, ಯಾವ ಊರಿನ ಅಡುಗೆ ಅಂತ ಅವರವರೇ ಜಗಳ ಆಡ್ತಾರೆ. ಮಂಜಣ್ಣ ಎಲ್ಲದಕ್ಕೂ “ಆಯ್ತಪ್ಪ” ಅಂತಾನೆ. ಕೊನೆಗೆ ತಟ್ಟೆಗೆ ಬೀಳೋದು ಅದೇ ಚಿತ್ರಾನ್ನ. ಪ್ರತಿ ಸಲವೂ ಅದೇ. ಪ್ರತಿ ಸಲವೂ ಜನ ನಕ್ಕರು.

ಯಾಕೆ ನಕ್ಕರು? ಇದು ಗೊತ್ತಾದರೆ ಸಿನಿಮಾ ಯಾಕೆ ಬೇಡ ಅನ್ನೋದೂ ಗೊತ್ತಾಗುತ್ತೆ.

ಇಂಗ್ಲಿಷಲ್ಲಿ ಸಿಟ್‌ಕಾಮ್ ಅಂತಾರಲ್ಲ, ನಮ್ಮ ಮನೆಗಳಲ್ಲಿ ಕಾಮಿಡಿ ಸೀರಿಯಲ್ ಅಂತೀವಲ್ಲ, ಅದರ ಗುಟ್ಟು ಒಂದೇ. ಏನೇ ಆದರೂ ಕೊನೆಗೆ ಎಲ್ಲ ಮೊದಲಿನ ಹಾಗೇ ಆಗಬೇಕು. ಥರ್ಡ್ ಸೆಮ್ ಲ್ಯಾಬಲ್ಲಿ ಕಬ್ಬಿಣದ ರಾಡನ್ನ ಯುಟಿಎಂ ಮಷೀನಿಗೆ ಕಚ್ಚಿಸಿ ಎಳೆದಿದ್ದು ನೆನಪಿದೆಯಾ? ಎಲಾಸ್ಟಿಕ್ ಲಿಮಿಟ್ ಒಳಗೆ ಎಷ್ಟು ಎಳೆದರೂ ಲೋಡ್ ತೆಗೆದ ತಕ್ಷಣ ರಾಡು ಮೊದಲಿನ ಉದ್ದಕ್ಕೆ ಬರುತ್ತೆ. ಅದು ದಾಟಿ ಯೀಲ್ಡ್ ಆಯ್ತೋ, ಲೋಡ್ ತೆಗೆದರೂ ಪೂರ್ತಿ ವಾಪಸ್ ಬರಲ್ಲ. ಇನ್ನೂ ಎಳೆದರೆ ಒಂದು ಕಡೆ ಸೊಂಟ ಸಣ್ಣ ಆಗಿ ಟಪ್ ಅಂತ ತುಂಡಾಗುತ್ತೆ.

ಕಾಮಿಡಿ ಸೀರಿಯಲ್ ಬದುಕೋದು ಎಲಾಸ್ಟಿಕ್ ಲಿಮಿಟ್ ಒಳಗೆ. ಇಪ್ಪತ್ತು ಚಿಲ್ಲರೆ ನಿಮಿಷ ಎಳೀತಾರೆ, ಬಿಡ್ತಾರೆ, ಮಾರನೇ ದಿನ ಮತ್ತೆ ಮೊದಲಿಂದ. ಸಿನಿಮಾ ಹಾಗಲ್ಲ. ಎರಡು ಗಂಟೆ ಕೂತವರಿಗೆ ಏನಾದರೂ ಬದಲಾಗಿರಬೇಕು. ಹೀರೋ ಗೆಲ್ಲಬೇಕು, ಇಲ್ಲ ಸೋಲಬೇಕು, ಕೊನೇಪಕ್ಷ ಬುದ್ಧಿ ಕಲಿಯಬೇಕು. ಅಂದರೆ ಸಿನಿಮಾಕ್ಕೆ ರಾಡು ಯೀಲ್ಡ್ ಆಗಲೇಬೇಕು. ಒಂದಕ್ಕೆ ಜೀವ ಆಗಿರೋದು ಇನ್ನೊಂದಕ್ಕೆ ಸಾವು.

ಇದಕ್ಕೆ ಅಮೆರಿಕದಲ್ಲಿ ಒಳ್ಳೇ ಉದಾಹರಣೆ ಇದೆ. ‘ಗಿಲಿಗನ್ಸ್ ಐಲ್ಯಾಂಡ್’ ಅಂತ ಒಂದು ಸೀರಿಯಲ್ 1964ರಿಂದ 1967ರವರೆಗೆ ಬಂತು, ಒಟ್ಟು 98 ಎಪಿಸೋಡ್. ಸಣ್ಣ ದೋಣಿ ಪ್ರವಾಸಕ್ಕೆ ಹೋದ ಏಳು ಜನ ಬಿರುಗಾಳಿಗೆ ಸಿಕ್ಕಿ ಒಂದು ದ್ವೀಪದಲ್ಲಿ ಉಳೀತಾರೆ. ತಪ್ಪಿಸಿಕೊಳ್ಳೋಕೆ ಪ್ಲಾನ್ ಮಾಡ್ತಾರೆ, ಗಿಲಿಗನ್ ಏನೋ ಎಡವಟ್ಟು ಮಾಡ್ತಾನೆ, ಅಲ್ಲೇ ಉಳೀತಾರೆ. ನಮ್ಮ ಚಿತ್ರಾನ್ನದ ಹಾಗೇ. ಸೀರಿಯಲ್ ನಿಂತು ಹನ್ನೊಂದು ವರ್ಷ ಆದಮೇಲೆ, 1978ರಲ್ಲಿ, ಟಿವಿಗೇ ಅಂತ ಒಂದು ಸಿನಿಮಾ ಮಾಡಿದರು. ಅದರಲ್ಲಿ ಆ ಏಳು ಜನ ಕೊನೆಗೂ ದ್ವೀಪದಿಂದ ಪಾರಾಗ್ತಾರೆ! ಜನ ಕಾದು ಕೂತು ನೋಡಿದರು. ಆದರೆ ಊರಿಗೆ ಬಂದ ಮೇಲೆ ಅವರಿಗೆ ಮಾಡೋಕೆ ಏನಿದೆ? ದ್ವೀಪ ಇದ್ದರೆ ತಾನೇ ಜೋಕು. ಬರೆದವರಿಗೂ ಅದು ಗೊತ್ತಾಗಿರಬೇಕು, ಕೊನೆಯಲ್ಲಿ ಮತ್ತೆ ದೋಣಿ ಒಡೆಸಿ ಅದೇ ದ್ವೀಪಕ್ಕೆ ತಂದು ಹಾಕಿದರು. 1979ರಲ್ಲಿ ಇನ್ನೊಂದು ಸಿನಿಮಾ, ಅದರಲ್ಲಿ ದ್ವೀಪವೇ ರೆಸಾರ್ಟ್. 1981ರಲ್ಲಿ ಮೂರನೆಯದು, ಅದಕ್ಕೆ ಹಾರ್ಲೆಂ ಗ್ಲೋಬ್‌ಟ್ರಾಟರ್ಸ್ ಅನ್ನೋ ಬಾಸ್ಕೆಟ್‌ಬಾಲ್ ಟೀಮನ್ನ ಕರೆಸಿದರು. ನಮ್ಮ ಚಾನೆಲ್‌ಗಳಲ್ಲಿ ಎರಡು ಸೀರಿಯಲ್‌ನವರನ್ನ ಒಂದೇ ಮದುವೆ ಮನೇಲಿ ಸೇರಿಸಿ ‘ಮಹಾಸಂಗಮ’ ಅಂತ ಮಾಡ್ತಾರಲ್ಲ, ಅದೇ ಕತೆ.

ನಮ್ಮ ದೇಶದ್ದು ಬೇಕಾ? 2001ರಲ್ಲಿ ಶುರುವಾದ ಹಿಂದಿಯ ‘ಆಫೀಸ್ ಆಫೀಸ್’ ನೋಡಿ. ಪಂಕಜ್ ಕಪೂರ್ ಮಾಡಿದ ಮುಸದ್ದಿಲಾಲ್ ಒಂದೊಂದು ಎಪಿಸೋಡಲ್ಲಿ ಒಂದೊಂದು ಆಫೀಸಿಗೆ ಹೋಗಿ ಒದ್ದಾಡ್ತಾನೆ. ಎಲ್ಲ ಆಫೀಸಲ್ಲೂ ಅವೇ ಮುಖಗಳು, ಬೇರೆ ಬೇರೆ ಕುರ್ಚಿ. ಅರ್ಧ ಗಂಟೆಗೆ ಅದು ನಗು. 2011ರಲ್ಲಿ ಅದನ್ನೇ ಸಿನಿಮಾ ಮಾಡಿದಾಗ ದೊಡ್ಡ ಕತೆ ಬೇಕಾಯ್ತು. ಹೆಂಡತಿ ತೀರಿಕೊಂಡಿದ್ದಾಳೆ, ಪೆನ್ಷನ್ ಆಫೀಸಿನವರು ಇವನೇ ಸತ್ತಿದ್ದಾನೆ ಅಂತ ಬರೆದಿದ್ದಾರೆ, ಬದುಕಿದ್ದೀನಿ ಅಂತ ಸಾಬೀತು ಮಾಡಬೇಕು. ಐಡಿಯಾ ಚೆನ್ನಾಗಿದೆ, ನಟನೂ ದೊಡ್ಡವರೇ. ಆದರೆ ಎರಡು ಗಂಟೆ ನೋಡಿದರೆ ನಮಗೆ ನಗುಗಿಂತ ಸಂಕಟವೇ ಜಾಸ್ತಿ. ಸಿನಿಮಾ ಓಡಲಿಲ್ಲ.

‘ಖಿಚಡಿ’ ಸಿನಿಮಾ ಆಗಿ ಎಷ್ಟೋ ಜನಕ್ಕೆ ಇಷ್ಟ ಆಯ್ತಲ್ಲ ಅಂತ ನೀವು ಕೇಳಬಹುದು. ನಿಜ, 2010ರ ಆ ಸಿನಿಮಾ ನನಗೂ ಇಷ್ಟ. ಆದರೆ ಗಮನಿಸಿ, ಆ ಪಾರೇಖ್ ಮನೆಯವರು ಸಿನಿಮಾದಲ್ಲೂ ಏನೂ ಕಲಿಯಲ್ಲ. ಹೋಗುವಾಗ ಎಷ್ಟು ಪೆದ್ದರೋ ಬರುವಾಗಲೂ ಅಷ್ಟೇ ಪೆದ್ದರು. ರಾಡನ್ನ ಯೀಲ್ಡ್ ಆಗೋಕೆ ಬಿಟ್ಟೇ ಇಲ್ಲ.

ಇನ್ನು ನಮ್ಮ ಕನ್ನಡದ ವಿಷಯ. ನಮ್ಮಲ್ಲಿ ಹಳೇ ಕಾಮಿಡಿ ಸೀರಿಯಲ್ಲನ್ನ ಸಿನಿಮಾ ಮಾಡೋದಕ್ಕಿಂತ ಮತ್ತೆ ಸೀರಿಯಲ್ಲೇ ಮಾಡೋದು ಜಾಸ್ತಿ. 2000ದ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಬಂದ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ನಮ್ಮಮ್ಮನ ಪ್ರಾಣ. ಹೊಸದುರ್ಗದಲ್ಲಿ ಆಗ ಬೀದಿಗೆ ಕೇಳೋ ಹಾಗೆ ಟಿವಿ ಹಾಕ್ತಿದ್ದರಂತೆ, ಕರೆಂಟ್ ಹೋದರೆ ಅಜ್ಜಿ ಕೆಇಬಿಯವರಿಗೆ ಶಾಪ ಹಾಕ್ತಿದ್ದರಂತೆ. ನಾನಿನ್ನೂ ಹುಟ್ಟಿರಲಿಲ್ಲ. 2018ರಲ್ಲಿ ಕಲರ್ಸ್ ಸೂಪರಲ್ಲಿ ಅದು ಮತ್ತೆ ಬಂತು. ಅವರೇ ಚಿದಾನಂದ್, ಅವರೇ ಶಾಲಿನಿ. ಅಮ್ಮ ಮೊದಲ ದಿನ ಬೇಗ ಅಡುಗೆ ಮುಗಿಸಿ ಎಲ್ಲರನ್ನೂ ಕೂರಿಸಿದರು. ನನಗೆ ಖುಷಿ ಆಯ್ತು, ನಕ್ಕೆ. ಅಮ್ಮ ಮಾತ್ರ ಅಷ್ಟು ನಗಲಿಲ್ಲ. ಎರಡು ವಾರ ಆದಮೇಲೆ ನೋಡೋದೇ ಬಿಟ್ಟರು. ಕೇಳಿದರೆ, “ಚೆನ್ನಾಗೇ ಮಾಡ್ತಾರೆ ಕಣೋ. ಆದ್ರೆ ಆಗ ನಿಮ್ಮಜ್ಜಿ ಪಕ್ಕದಲ್ಲಿ ಕೂತು ನಗ್ತಿದ್ರು” ಅಂದರು.

ಆ ಮಾತು ಈಗ ಅರ್ಥ ಆಗ್ತಿದೆ. ಸೀರಿಯಲ್ ಪಾತ್ರಗಳು ಬದಲಾಗಲ್ಲ, ಆದರೆ ನೋಡೋರು ಬದಲಾಗಿರ್ತಾರೆ. ದಿನಾ ನೋಡುವಾಗ ಇದು ತಿಳಿಯಲ್ಲ. ಹತ್ತು ಹದಿನೈದು ವರ್ಷ ಬಿಟ್ಟು ಅದೇ ಪಾತ್ರ ಬಂದರೆ ಮಧ್ಯದ ವರ್ಷಗಳೂ ಜೊತೆಗೆ ಬಂದು ಕೂರ್ತವೆ. ಅದು ನಟರ ತಪ್ಪೂ ಅಲ್ಲ, ನಿರ್ದೇಶಕರ ತಪ್ಪೂ ಅಲ್ಲ.

ಹಾಗಾದರೆ ಸೀರಿಯಲ್‌ನವರು ಸಿನಿಮಾ ಮಾಡಲೇಬಾರದಾ? ಮಾಡಬಹುದು. ‘ಸಿಲ್ಲಿ ಲಲ್ಲಿ’ ನಿರ್ದೇಶಕ ವಿಜಯಪ್ರಸಾದ್ ಅವರು 2012ರಲ್ಲಿ ‘ಸಿದ್ಲಿಂಗು’ ಮಾಡಿದರು. ಅದರಲ್ಲಿ ಲಲಿತಾಂಬನೂ ಇಲ್ಲ, ಡಾಕ್ಟರ್ ವಿಠ್ಠಲ್ ರಾವೂ ಇಲ್ಲ. ಒಂದು ಹಳೇ ಕಾರಿನ ಹುಚ್ಚು ಹಿಡಿಸಿಕೊಂಡ ಹುಡುಗನ ಹೊಸ ಕತೆ. ಸೀರಿಯಲ್ ಮಾಡಿ ಕಲಿತ ಮಾತಿನ ವರಸೆಯನ್ನ ತಗೊಂಡರು, ಪಾತ್ರಗಳನ್ನ ಅವುಗಳ ಮನೇಲೇ ಬಿಟ್ಟರು. ನನಗೆ ಸರಿ ಅನ್ನಿಸೋ ದಾರಿ ಇದು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಥಿಯರಿ ಹೇಳೋಕೆ ಇವನ್ಯಾರು ಅಂತ ಅನ್ನಿಸಿರಬಹುದು. ನವೆಂಬರಲ್ಲಿ ರಾಜ್ಯೋತ್ಸವಕ್ಕೆ ಮಂಜಣ್ಣನ್ನ ಒಂದು ಗಂಟೆ ಹತ್ತು ನಿಮಿಷದ ನಾಟಕ ಮಾಡಿದ್ದು ನಾನೇ. ಹತ್ತು ನಿಮಿಷಕ್ಕೇ ಅಷ್ಟು ನಗ್ತಾರೆ, ಒಂದು ಗಂಟೆ ಕೊಟ್ಟರೆ ಆರು ಪಟ್ಟು ನಗ್ತಾರೆ ಅಂತ ಲೆಕ್ಕ ಹಾಕಿದ್ದೆ. ಅಷ್ಟು ಹೊತ್ತು ತುಂಬಿಸೋಕೆ ಮಂಜಣ್ಣನಿಗೆ ಒಂದು ಹಿನ್ನೆಲೆ ಕೊಟ್ಟೆ. ತಾಯಿ ಸಾಯ್ತಾರೆ. ಅವರು ಮಾಡ್ತಿದ್ದದ್ದು ಅದೇ ಚಿತ್ರಾನ್ನ, ಅದಕ್ಕೇ ಇವನು ಬೇರೇನೂ ಮಾಡಲ್ಲ. ಕೊನೆಗೆ ಮೆಸ್ ಬಿಟ್ಟು ಬೆಂಗಳೂರಿಗೆ ಹೋಗಿ ಹೋಟೆಲ್ ಹಾಕ್ತಾನೆ. ನಾಲ್ಕು ಹುಡುಗರು ಅತ್ತು ಒಂದಾಗ್ತಾರೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಮೊದಲ ಕಾಲು ಗಂಟೆ ಜನ ನಕ್ಕರು. ಆಮೇಲೆ ಕತ್ತಲಲ್ಲಿ ಒಂದೊಂದೇ ಮೊಬೈಲ್ ಹೊತ್ತಿಕೊಂಡವು. ಕ್ಲೈಮ್ಯಾಕ್ಸ್ ಹೊತ್ತಿಗೆ ಹಿಂದಿನ ಸಾಲಿನವರು ಲಾಸ್ಟ್ ಬಸ್ಸಿನ ನೆಪ ಹೇಳಿ ಎದ್ದು ಹೋಗಿದ್ದರು. ಅದು ಹೋಗಲಿ, ಒಂದು ನಾಟಕ ತೋಪಾಯ್ತು ಅಂತ ಬಿಡಬಹುದಿತ್ತು.

ಬಿಡೋಕೆ ಆಗದೇ ಇರೋದು ಡಿಸೆಂಬರಲ್ಲಿ ನಡೆದದ್ದು. ಮತ್ತೆ ಹಳೇ ಹತ್ತು ನಿಮಿಷದ ಸ್ಕಿಟ್ಟಿಗೇ ವಾಪಸ್ ಹೋದ್ವಿ. ಮಂಜಣ್ಣ ಸೌಟು ಹಿಡಿದು ಬಂದ. ಹಿಂದಿನಿಂದ ಯಾರೋ, “ಬೆಂಗ್ಳೂರಿಂದ ಯಾವಾಗ ಬಂದ್ಯಣ್ಣ?” ಅಂದರು. ಕೊನೆಗೆ ತಟ್ಟೆಗೆ ಚಿತ್ರಾನ್ನ ಬಿತ್ತು. ಅಲ್ಲಿ ಯಾವಾಗಲೂ ಶಿಳ್ಳೆ ಬೀಳೋದು. ಅವತ್ತು ಮುಂದಿನ ಸಾಲಲ್ಲಿ ಒಬ್ಬರು ಮೆಲ್ಲಗೆ “ಪಾಪ” ಅಂದರು. ಅವರಿಗೆ ತಾಯಿ ಸತ್ತ ಸೀನ್ ನೆನಪಾಗಿತ್ತು. ಚಿತ್ರಾನ್ನ ಆಮೇಲೆ ಜೋಕ್ ಆಗಿ ಉಳೀಲಿಲ್ಲ. ಮಂಜಣ್ಣನ ಪಾರ್ಟ್ ಮಾಡ್ತಿದ್ದ ಫೈನಲ್ ಇಯರ್ ಅಣ್ಣ ಮೇಕಪ್ ಒರೆಸಿಕೊಳ್ಳುತ್ತಾ, “ನನ್ನ ಕೈಲಿ ಇನ್ನು ಆಗಲ್ಲ ಬಿಡಲೇ” ಅಂದರು. ಅದಾದಮೇಲೆ ಮಂಜಣ್ಣ ಸ್ಟೇಜ್ ಹತ್ತಿಲ್ಲ.

ಸಿನಿಮಾ ಚೆನ್ನಾಗಿ ಬರದೇ ಇದ್ದರೆ ಏನು ನಷ್ಟ, ಹಳೇದು ಹೇಗಿದ್ದರೂ ಇರುತ್ತಲ್ಲ ಅಂತ ಮೀಟಿಂಗಲ್ಲಿ ಒಬ್ಬರು ಕೇಳಿದಿರಿ. ಇರುತ್ತೆ, ಆದರೆ ಹಾಗೇ ಇರಲ್ಲ. ನಾನು ಕೈ ಎತ್ತದೇ ಇದ್ದದ್ದು ಅದಕ್ಕೇ.

ಸಿನಿಮಾ ಮಾಡೋಣ, ನಾನೂ ಬರ್ತೀನಿ, ರಾತ್ರಿಯೆಲ್ಲ ಲೈಟ್ ಹಿಡೀತೀನಿ. ಆದರೆ ಹೊಸ ಕತೆ, ಹೊಸ ಜನ. ಮಂಜಣ್ಣ ಮಾತ್ರ ಹತ್ತು ನಿಮಿಷದಲ್ಲೇ ಇರಲಿ. ಜೂನಲ್ಲಿ ಆ ಅಣ್ಣ ಕಾಲೇಜು ಬಿಟ್ಟು ಹೋಗ್ತಾರೆ. ಅಷ್ಟರಲ್ಲಿ ಕೊನೇ ಸಲ ಒಂದು ಸ್ಕಿಟ್ ಮಾಡಬೇಕು ಅಂತ ನನ್ನಾಸೆ. ಯೀಲ್ಡ್ ಆದ ರಾಡು ವಾಪಸ್ ಬರಲ್ಲ ಅಂತ ನಾನೇ ಮೇಲೆ ಬರೆದಿದ್ದೀನಿ, ಗೊತ್ತು. ಆದರೂ ನಿನ್ನೆ ಫೋನ್ ಮಾಡಿದೆ.

“ಮಂಜಣ್ಣ ಬೆಂಗ್ಳೂರಿಗೆ ಹೋದ್ನಲ್ಲೋ, ನೀನೇ ಕಳಿಸ್ದೆ” ಅಂದರು.

“ಅದನ್ನ ಯಾರೂ ನೆನಪು ಮಾಡ್ಕೊಳ್ಳಲ್ಲ ಅಣ್ಣ. ಮಾರನೇ ದಿನ ಎಲ್ಲಾ ಮರೆತಿರ್ತಾರೆ, ಸೀರಿಯಲ್ ಥರ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಚಿತ್ರಾನ್ನಕ್ಕೆ ಈ ಸಲನಾದ್ರೂ ನಿಜವಾದ ಶೇಂಗಾ ಹಾಕ್ಸು” ಅಂದರು.

ಶನಿವಾರ ಸಿಗೋಣ.